ಫ್ರಾನ್ಸಿನ ರಾಜ್ಯಕ್ರಾಂತಿ: ಮುಂದೂಡಿದ ಸುಧಾರಣೆಯ ಬೆಲೆ

ಕ್ರಿ.ಶ. 1788ರ ಆಗಸ್ಟ್ 10ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಒಂದು ವೈಭವದ ದರ್ಬಾರು ನೆರೆದಿತ್ತು. ಮೈಸೂರು ರಾಜ್ಯದಿಂದ ಸಮುದ್ರ ದಾಟಿ ಹೋಗಿದ್ದ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿ ದೊರೆಯು ಅಂದು ವಿಧ್ಯುಕ್ತವಾಗಿ ಬರಮಾಡಿಕೊಂಡನು. ಇಂಗ್ಲಿಷರನ್ನು ಎದುರಿಸಲು ಫ್ರೆಂಚರ ಸೈನ್ಯಬಲವನ್ನು ಕೋರುವುದು ಆ ದೂತರ ಉದ್ದೇಶವಾಗಿತ್ತು. ಸತ್ಕಾರಕ್ಕೆ ಕೊರತೆಯಾಗಲಿಲ್ಲ; ಸಹಾಯ ಮಾತ್ರ ದೊರೆಯಲಿಲ್ಲ. ದೊರೆಯ ಕೈ ಬರಿದಾಗಿತ್ತು. ಆ ದರ್ಬಾರಿಗೆ ಎರಡು ದಿನಗಳ ಹಿಂದೆ, ಎಂದರೆ ಆಗಸ್ಟ್ 8ರಂದು, 1614ರಿಂದ ಒಮ್ಮೆಯೂ ಸೇರದಿದ್ದ ರಾಷ್ಟ್ರದ ಮೂರು ವರ್ಗಗಳ ಮಹಾಸಭೆಯನ್ನು ಕರೆಯುವ ಆಜ್ಞೆ ಹೊರಟಿತ್ತು. ದರ್ಬಾರಾದ ಆರನೆಯ ದಿನ, ಆಗಸ್ಟ್ 16ರಂದು, ಬೊಕ್ಕಸವು ಸಾಲಗಾರರಿಗೆ ನಗದು ಪಾವತಿಯನ್ನು ನಿಲ್ಲಿಸಿತು. ದೂತರು ಕಂಡ ರೇಷ್ಮೆಯ ಪರದೆಗಳ ಹಿಂದೆ ದಿವಾಳಿಯೊಂದು ಕಾದು ನಿಂತಿತ್ತು. ಸರಿಯಾಗಿ ನಾಲ್ಕು ವರ್ಷಗಳು ತುಂಬಿದ ದಿನ, 1792ರ ಆಗಸ್ಟ್ 10ರಂದು, ಶತಮಾನಗಳ ಆ ಅರಸೊತ್ತಿಗೆ ಪ್ಯಾರಿಸ್ ನಗರದ ಜನರ ಕೈಯಲ್ಲಿ ಉರುಳಿಬಿದ್ದಿತು.

ಈ ಮಹಾಘಟನೆಯನ್ನು ಶಾಲೆಗಳಲ್ಲಿ ಬೋಧಿಸುವ ರೀತಿಯನ್ನು ಕುರಿತು ಅಧ್ಯಾಪಕರು ಒಮ್ಮೆ ಪರ್ಯಾಲೋಚಿಸುವುದು ಒಳಿತು. ಹಸಿದ ಪ್ರಜೆ, ಮದಾಂಧಳಾದ ರಾಣಿ, ಒಡೆದ ಸೆರೆಮನೆ, ಉರುಳಿದ ತಲೆಗಳು ಎಂಬ ನಾಲ್ಕು ಚಿತ್ರಗಳಲ್ಲಿ ಪಾಠ ಮುಗಿದುಹೋಗುವುದು ವಾಡಿಕೆ. ರೊಟ್ಟಿಯಿಲ್ಲದವರು ಸಿಹಿಭಕ್ಷ್ಯವನ್ನು ತಿನ್ನಲೆಂದು ರಾಣಿ ಮೇರಿ ಆಂಟೋನೆಟ್ ನುಡಿದಳೆಂಬ ಕಥೆಯಂತೂ ಬಾಯಿಂದ ಬಾಯಿಗೆ ಹರಿದಿದೆ. ಆದರೆ ಆ ಮಾತು ರೂಸೋ ಬರೆದ ಆತ್ಮಕಥೆಯಲ್ಲಿ ಯಾರೋ ಹೆಸರಿಲ್ಲದ ರಾಜಕುಮಾರಿಯ ಬಾಯಲ್ಲಿ ಬರುತ್ತದೆ. ಆ ಭಾಗವನ್ನು ಆತ ಬರೆದಾಗ ಮೇರಿ ಆಂಟೋನೆಟ್ ಇನ್ನೂ ಆಸ್ಟ್ರಿಯ ದೇಶದಲ್ಲಿದ್ದ ಚಿಕ್ಕ ಬಾಲಕಿ. ಕಥೆ ಸುಳ್ಳಾದುದಷ್ಟೇ ದೋಷವಲ್ಲ. ಒಂದು ವ್ಯವಸ್ಥೆಯ ಪತನವನ್ನು ಒಬ್ಬ ಹೆಂಗಸಿನ ಅವಿವೇಕಕ್ಕೆ ಕಟ್ಟಿಹಾಕುವುದರಿಂದ, ಕೆಟ್ಟವರು ಹೋದರೆ ಎಲ್ಲವೂ ನೆಟ್ಟಗಾಗುವುದೆಂಬ ಭ್ರಮೆ ಎಳೆಯರ ಮನಸ್ಸಿನಲ್ಲಿ ಬೇರೂರುತ್ತದೆ. ವಾಸ್ತವವು ಇದಕ್ಕಿಂತ ಗಂಭೀರವಾದುದು. ಲೂಯಿಯು ಕ್ರೂರಿಯಾಗಿರಲಿಲ್ಲ, ಅವನ ಮಂತ್ರಿಗಳಲ್ಲಿ ಹಲವರು ಮೂರ್ಖರಾಗಿರಲಿಲ್ಲ. ತನ್ನನ್ನು ತಾನು ತಿದ್ದಿಕೊಳ್ಳಲಾರದ ವ್ಯವಸ್ಥೆಯೊಂದು, ತಿದ್ದಲು ಬಂದವರನ್ನೆಲ್ಲ ಹೊರದೂಡಿ, ಕಡೆಗೆ ತಾನೇ ಮುರಿದುಬಿದ್ದಿತು ಎಂಬುದೇ ಈ ಕ್ರಾಂತಿಯ ಮೂಲಪಾಠ.

ಅಂದಿನ ಫ್ರಾನ್ಸಿನ ಜನಸಂಖ್ಯೆ ಸುಮಾರು 2 ಕೋಟಿ 80 ಲಕ್ಷ. ಸಮಾಜವು ಕಾನೂನಿನಲ್ಲಿಯೇ ಮೂರು ವರ್ಗಗಳಾಗಿ ವಿಭಾಗಗೊಂಡಿತ್ತು: ಮೊದಲನೆಯದು ಪುರೋಹಿತವರ್ಗ, ಎರಡನೆಯದು ಸರದಾರವರ್ಗ, ಉಳಿದವರೆಲ್ಲರೂ ಮೂರನೆಯ ವರ್ಗ. ದೇಶದ ಭೂಮಿಯಲ್ಲಿ ಸುಮಾರು ಹತ್ತನೆಯ ಒಂದು ಭಾಗ ಚರ್ಚಿನ ಒಡೆತನದಲ್ಲಿತ್ತು. ಅದರ ಮೇಲೆ ರೈತರ ಬೆಳೆಯಲ್ಲಿ ದಶಾಂಶದ ಹಕ್ಕೂ ಅದಕ್ಕಿತ್ತು. ಸರದಾರರು ಮುಖ್ಯ ನೇರ ತೆರಿಗೆಯಿಂದ ಮುಕ್ತರು. ಸೈನ್ಯದ, ಆಸ್ಥಾನದ, ಚರ್ಚಿನ ಉನ್ನತ ಪದವಿಗಳು ಅವರಿಗೇ ಮೀಸಲು. ರೈತನಾದರೋ ದೊರೆಗೆ ತೆರಿಗೆ, ಚರ್ಚಿಗೆ ದಶಾಂಶ, ಒಡೆಯನಿಗೆ ಕಾಣಿಕೆ, ರಸ್ತೆಗೆ ಬಿಟ್ಟಿ ದುಡಿಮೆ ಇವೆಲ್ಲವನ್ನೂ ಸಲ್ಲಿಸಬೇಕಾಗಿತ್ತು. ಒಡೆಯನ ಗಿರಣಿಯಲ್ಲಿಯೇ ಹಿಟ್ಟು ಬೀಸಿಸಬೇಕು. ಒಡೆಯನ ಪಾರಿವಾಳಗಳು ಹೊಲದ ಕಾಳನ್ನು ಹೆಕ್ಕಿದರೂ ಸುಮ್ಮನಿರಬೇಕು. ಉಪ್ಪಿನ ತೆರಿಗೆಯ ಅನ್ಯಾಯವಂತೂ ಹೇಳತೀರದು. ಒಂದು ಪ್ರಾಂತದಲ್ಲಿ ಅಗ್ಗವಾಗಿದ್ದ ಉಪ್ಪು ನೆರೆಯ ಪ್ರಾಂತದಲ್ಲಿ ಹತ್ತು ಮಡಿಗೂ ಮಿಕ್ಕಿದ ಬೆಲೆಗೆ ಮಾರಾಟವಾಗುತ್ತಿತ್ತು. ಪರೋಕ್ಷ ತೆರಿಗೆಗಳ ವಸೂಲಿಯು ಇಜಾರೆದಾರರ ಪಾಲಾಗಿತ್ತು. ಪ್ರಜೆ ಕೊಟ್ಟಷ್ಟೂ ದೊರೆಗೆ ಮುಟ್ಟುತ್ತಿರಲಿಲ್ಲ. ದೊರೆಗೆ ಮುಟ್ಟಿದಷ್ಟೂ ಸಾಲದವರ ಪಾಲಾಗುತ್ತಿತ್ತು.

ಈ ಸಾಲದ ಲೆಕ್ಕವನ್ನು ವಿದ್ಯಾರ್ಥಿಗಳ ಮುಂದೆ ಬಿಡಿಸಿಡಬೇಕು. 1788ರಲ್ಲಿ ರಾಜ್ಯದ ವೆಚ್ಚವು ಸುಮಾರು 63 ಕೋಟಿ ಲೀವ್ರ್‌ಗಳಾದರೆ ಆದಾಯವು 50 ಕೋಟಿಯಷ್ಟು ಮಾತ್ರ. ವೆಚ್ಚದ ಅರ್ಧಭಾಗವೇ ಸಾಲದ ಬಾಬಿಗೆ ಸಲ್ಲುತ್ತಿತ್ತು. ಸೈನ್ಯ ಮತ್ತು ನೌಕಾಬಲಗಳಿಗೆ ನೂರಕ್ಕೆ 26ರಷ್ಟು. ಅರಮನೆಯ ವಿಲಾಸಕ್ಕೆ ತಗುಲುತ್ತಿದ್ದುದು ನೂರಕ್ಕೆ ಆರರಷ್ಟೇ. ರಾಣಿಯ ಒಡವೆಗಳು ರಾಜ್ಯವನ್ನು ಮುಳುಗಿಸಲಿಲ್ಲ. ಯುದ್ಧಗಳ ಸಾಲ ಮುಳುಗಿಸಿತು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಇಂಗ್ಲೆಂಡಿನ ಮೇಲೆ ಸೇಡು ತೀರಿಸಿಕೊಳ್ಳಲು ಫ್ರಾನ್ಸ್ ನೂರು ಕೋಟಿ ಲೀವ್ರ್‌ಗಳಿಗೂ ಹೆಚ್ಚನ್ನು ಸುರಿಯಿತು. ಆ ಯುದ್ಧದ ಒಂದು ಕವಲು ಭಾರತದ ಕರಾವಳಿಯನ್ನೂ ಮುಟ್ಟಿತ್ತು. ಟಿಪ್ಪುವಿನ ಪಕ್ಷದಲ್ಲಿ ಫ್ರೆಂಚ್ ನೌಕಾಪಡೆಯು ಕಡಲೂರಿನ ಬಳಿ ಇಂಗ್ಲಿಷರೊಡನೆ ಕಾದಾಡಿದ್ದು 1783ರಲ್ಲಿ. 1788ರಲ್ಲಿ ಮೈಸೂರಿನ ದೂತರು ಬರಿಗೈಯಲ್ಲಿ ಮರಳಬೇಕಾದುದಕ್ಕೆ ಆ ಹಳೆಯ ಯುದ್ಧದ ಸಾಲವೂ ಒಂದು ಕಾರಣ.

ರೋಗ ಇಷ್ಟು ಸ್ಪಷ್ಟವಾಗಿದ್ದಾಗ ಮದ್ದು ಯಾರಿಗೂ ತಿಳಿದಿರಲಿಲ್ಲವೇ? ತಿಳಿದಿತ್ತು. ಇಲ್ಲಿಯೇ ಇತಿಹಾಸದ ಕರುಣಾಜನಕ ಅಧ್ಯಾಯವೊಂದು ಅಡಗಿದೆ. 1774ರಲ್ಲಿ ಹಣಕಾಸಿನ ಮಂತ್ರಿಯಾದ ಟರ್ಗೋ ಬಿಟ್ಟಿ ದುಡಿಮೆಯನ್ನು ತೊಡೆದು, ಅದರ ಬದಲಿಗೆ ಭೂಮಿಯುಳ್ಳ ಎಲ್ಲರಿಂದಲೂ ತೆರಿಗೆ ಪಡೆಯಲು ಯತ್ನಿಸಿದನು, 1776ರಲ್ಲಿ ಪದಚ್ಯುತನಾದನು. ಅವನ ಅನಂತರ ಬಂದ ನೆಕರ್ 1781ರಲ್ಲಿ ರಾಜ್ಯದ ಜಮಾಖರ್ಚನ್ನು ಅಚ್ಚು ಹಾಕಿಸಿ ಪ್ರಜೆಗಳ ಮುಂದಿಟ್ಟನು. ಲೆಕ್ಕದಲ್ಲಿ ಮರೆಮಾಚಿದ್ದು ಉಂಟಾದರೂ ಲೆಕ್ಕ ಕೇಳುವ ಹಕ್ಕು ಪ್ರಜೆಗಿದೆಯೆಂಬ ಭಾವನೆ ಅದರಿಂದ ಮೊಳೆಯಿತು. ಅವನೂ ಹೊರಬಿದ್ದನು. 1787ರ ಫೆಬ್ರವರಿಯಲ್ಲಿ ಕ್ಯಾಲೋನ್ ಎಂಬ ಮಂತ್ರಿ ದೇಶದ ಗಣ್ಯರ ಸಭೆ ಕರೆದು, ವರ್ಗಭೇದವಿಲ್ಲದೆ ಎಲ್ಲ ಭೂಮಿಗೂ ತೆರಿಗೆ ವಿಧಿಸುವ ಯೋಜನೆಯನ್ನು ಮಂಡಿಸಿದನು. ಗಣ್ಯರು ಒಪ್ಪಲಿಲ್ಲ, ಏಪ್ರಿಲ್ ತಿಂಗಳಲ್ಲಿ ಅವನೂ ಪದವಿ ಕಳೆದುಕೊಂಡನು. ಅವನ ಸ್ಥಾನಕ್ಕೆ ಬಂದ ಬ್ರಿಯೆನ್ ಇದೇ ಯೋಜನೆಯನ್ನು ಮುಂದಿಟ್ಟಾಗ ಪ್ಯಾರಿಸಿನ ಉಚ್ಚ ನ್ಯಾಯಪೀಠವು ಅಡ್ಡಬಂದು, ಹೊಸ ತೆರಿಗೆಗೆ ಮೂರು ವರ್ಗಗಳ ಮಹಾಸಭೆಯ ಸಮ್ಮತಿ ಅವಶ್ಯವೆಂದು ಸಾರಿತು. ಹದಿನಾಲ್ಕು ವರ್ಷಗಳಲ್ಲಿ ಸುಧಾರಣೆಯು ಮತ್ತೆ ಮತ್ತೆ ಬಾಗಿಲು ತಟ್ಟಿತು. ಪ್ರತಿಸಲವೂ ಒಳಗಿದ್ದವರು ಅಗುಳಿ ಹಾಕಿದರು. ಕ್ರಾಂತಿಯ ಮೊದಲ ಹೆಜ್ಜೆಯನ್ನಿಟ್ಟವರು ಬಡವರಲ್ಲ, ತಮ್ಮ ಪಾಲಿನ ಹೊರೆಯನ್ನು ಹೊರಲೊಲ್ಲದ ಉಳ್ಳವರು ಎಂಬುದು ನಿರ್ವಿವಾದ.

ಕ್ರಾಂತಿಗೆ ವಾಲ್ಟೇರ್, ಮಾಂಟೆಸ್ಕ್ಯೂ, ರೂಸೋ ಮೊದಲಾದ ಚಿಂತಕರೇ ಕಾರಣರೆಂದು ಒಂದು ಪಕ್ಷ. ಹಸಿವೇ ಕಾರಣವೆಂದು ಇನ್ನೊಂದು ಪಕ್ಷ. ಎರಡೂ ಅರ್ಧಸತ್ಯಗಳು. 1788ರ ಜುಲೈ 13ರಂದು ಆಲಿಕಲ್ಲಿನ ಮಳೆ ವಿಸ್ತಾರವಾದ ಪ್ರದೇಶದ ಬೆಳೆಯನ್ನು ನೆಲಕ್ಕೊರಗಿಸಿತು. ಅದರ ಬೆನ್ನಿಗೆ ಭೀಕರವಾದ ಚಳಿಗಾಲ ಬಂದಿತು. ಪ್ಯಾರಿಸಿನಲ್ಲಿ ಎಂಟೊಂಬತ್ತು ಸೂ ಬೆಲೆಯಿದ್ದ ನಾಲ್ಕು ಪೌಂಡಿನ ರೊಟ್ಟಿ 1789ರ ಫೆಬ್ರವರಿಯ ವೇಳೆಗೆ ಹದಿನಾಲ್ಕೂವರೆ ಸೂಗಳಿಗೆ ಏರಿತು. ಕೂಲಿಯವನ ದಿನದ ಗಳಿಕೆ ಇಪ್ಪತ್ತರಿಂದ ಮೂವತ್ತು ಸೂ. ದುಡಿದುದರಲ್ಲಿ ಅರ್ಧಕ್ಕೂ ಮಿಕ್ಕಿ ರೊಟ್ಟಿಗೇ ಹೋದಮೇಲೆ ಬಟ್ಟೆಗೇನು, ಸೌದೆಗೇನು? ಆದರೂ ಫ್ರಾನ್ಸ್ ಇದಕ್ಕಿಂತ ಘೋರವಾದ ಕ್ಷಾಮಗಳನ್ನು ಹಿಂದೆ ಕಂಡಿತ್ತು; ಆಗ ದಂಗೆಗಳಾದವು, ಕ್ರಾಂತಿಯಾಗಲಿಲ್ಲ. ಹಸಿವು ದಂಗೆಯನ್ನು ಹುಟ್ಟಿಸಬಲ್ಲುದು. ತನ್ನ ಹಸಿವು ದೈವದ ಶಾಪವಲ್ಲ, ಮನುಷ್ಯರ ಅನ್ಯಾಯವೆಂಬ ಅರಿವು ಮೂಡಿದಾಗಲೇ ದಂಗೆಯು ಕ್ರಾಂತಿಯಾಗುವುದು. ಆ ಅರಿವನ್ನು ಚಿಂತಕರು ಕೊಟ್ಟರು. ಮಹಾಸಭೆಗೆ ಮುಂಚೆ ಹಳ್ಳಿಹಳ್ಳಿಗಳಿಂದ ಬರೆದು ಕಳುಹಿಸಿದ ಸುಮಾರು 60,000 ಅಹವಾಲುಗಳೇ ಇದಕ್ಕೆ ಸಾಕ್ಷಿ. ಅವುಗಳಲ್ಲಿ ದೊರೆಯ ಮೇಲೆ ದ್ವೇಷವಿಲ್ಲ; ಅವನನ್ನು ತಂದೆಯೆಂದು ನಂಬಿದ ಪ್ರಜೆ ನ್ಯಾಯವನ್ನು ಬೇಡುತ್ತಾನೆ. ಆ ನಂಬಿಕೆಯನ್ನು ನಾಲ್ಕೇ ವರ್ಷಗಳಲ್ಲಿ ಕಳೆದುಕೊಂಡುದು ಅರಸನ ದೊಡ್ಡ ನಷ್ಟ.

1789ರ ಮೇ 5ರಂದು ವರ್ಸೇಲ್ಸ್‌ನಲ್ಲಿ ಮಹಾಸಭೆ ಆರಂಭವಾಯಿತು. ಮೂರನೆಯ ವರ್ಗದ ಪ್ರತಿನಿಧಿಗಳ ಸಂಖ್ಯೆ ಉಳಿದ ಎರಡು ವರ್ಗಗಳ ಒಟ್ಟು ಸಂಖ್ಯೆಗೆ ಸಮನಾಗಿದ್ದರೂ ವರ್ಗಕ್ಕೊಂದು ಮತವೆಂಬ ಹಳೆಯ ಪದ್ಧತಿಯಲ್ಲಿ ಅದಕ್ಕೆ ಅರ್ಥವಿರಲಿಲ್ಲ. ಆರು ವಾರಗಳ ಜಗ್ಗಾಟದ ಬಳಿಕ ಜೂನ್ 17ರಂದು ಮೂರನೆಯ ವರ್ಗವು ತನ್ನನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡಿತು. ಮೂರು ದಿನಗಳ ಅನಂತರ ಸಭಾಂಗಣದ ಬಾಗಿಲು ಮುಚ್ಚಿದ್ದುದನ್ನು ಕಂಡು, ಸಮೀಪದ ಚೆಂಡಾಟದ ಅಂಗಳದಲ್ಲಿ ನೆರೆದ ಪ್ರತಿನಿಧಿಗಳು ಸಂವಿಧಾನ ರಚನೆಯಾಗುವವರೆಗೆ ಚದುರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಶಸ್ತ್ರವಿಲ್ಲದೆ, ರಕ್ತವಿಲ್ಲದೆ, ಸಾರ್ವಭೌಮತ್ವವು ಅರಸನಿಂದ ಜನತೆಗೆ ದಾಟಿದ್ದು ಆ ದಿನಗಳಲ್ಲಿ. ಜುಲೈ 11ರಂದು ಜನಪ್ರಿಯನಾದ ನೆಕರ್‌ನನ್ನು ದೊರೆ ಮತ್ತೆ ತೆಗೆದುಹಾಕಿದನು. ರಾಜಧಾನಿಯ ಸುತ್ತ ಸೈನ್ಯ ಜಮಾಯಿಸಿತು. ಜುಲೈ 14ರಂದು ಜನರು ಬ್ಯಾಸ್ಟಿಲ್ ಕೋಟೆಗೆ ನುಗ್ಗಿದರು. ಅಲ್ಲಿದ್ದ ಕೈದಿಗಳು ಏಳೇ ಮಂದಿ. ಜನರಿಗೆ ಬೇಕಾಗಿದ್ದುದು ಅಲ್ಲಿನ ಮದ್ದಿನ ದಾಸ್ತಾನು. ಆದರೂ ನಿರಂಕುಶತೆಯ ಸಂಕೇತವಾಗಿದ್ದ ಆ ಕಲ್ಲುಗೋಡೆ ಬಿದ್ದುದು ಯುರೋಪಿನಲ್ಲೆಲ್ಲ ಪ್ರತಿಧ್ವನಿಸಿತು. ಹಳ್ಳಿಗಳಲ್ಲಿ ರೈತರು ಒಡೆಯರ ದಫ್ತರಗಳನ್ನು ಸುಟ್ಟರು. ಆಗಸ್ಟ್ 4ರ ರಾತ್ರಿ ಸಭೆಯು ಸರದಾರಿ ಹಕ್ಕುಗಳ ರದ್ದಿಯನ್ನು ಸಾರಿತು. ಆಗಸ್ಟ್ 26ರಂದು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅಕ್ಟೋಬರ್ 5ರಂದು ರೊಟ್ಟಿಗಾಗಿ ಪ್ಯಾರಿಸಿನ ಮಹಿಳೆಯರು ಮಳೆಯಲ್ಲಿ ವರ್ಸೇಲ್ಸ್‌ಗೆ ನಡೆದುಹೋಗಿ, ಮರುದಿನ ದೊರೆಯ ಪರಿವಾರವನ್ನೇ ರಾಜಧಾನಿಗೆ ಕರೆತಂದರು.

ಇಲ್ಲಿಗೆ ಎಲ್ಲವೂ ಸುಖಾಂತವಾಗಬಹುದಿತ್ತಲ್ಲವೇ ಎಂದು ವಿದ್ಯಾರ್ಥಿ ಕೇಳಿದರೆ ಅಧ್ಯಾಪಕರು ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆಗದಿದ್ದುದಕ್ಕೆ ಕಾರಣಗಳು ಎರಡೂ ಕಡೆ ಇವೆ. 1790ರಲ್ಲಿ ಚರ್ಚನ್ನು ರಾಜ್ಯದ ಅಧೀನಕ್ಕೆ ತಂದು ಪಾದ್ರಿಗಳಿಂದ ನಿಷ್ಠೆಯ ಪ್ರಮಾಣವಚನವನ್ನು ಬಯಸಿದ ಸಭೆಯು ಭಕ್ತಿವಂತ ಹಳ್ಳಿಗರ ಮನಸ್ಸನ್ನು ಅನಾವಶ್ಯಕವಾಗಿ ನೋಯಿಸಿತು. ಆಗಸ್ಟ್ 4ರಂದು ರದ್ದಾದುವೆಂದು ಸಾರಿದ ಕಾಣಿಕೆಗಳಲ್ಲಿ ಅನೇಕವನ್ನು ರೈತನು ಹಣ ತೆತ್ತು ಬಿಡಿಸಿಕೊಳ್ಳಬೇಕಾಗಿತ್ತು. ಅವು ಪರಿಹಾರವಿಲ್ಲದೆ ಪೂರ್ತಿಯಾಗಿ ತೊಡೆದುಹೋದುದು 1793ರ ಜುಲೈ ತಿಂಗಳಲ್ಲಿ. ಹಕ್ಕುಗಳಲ್ಲಿ ಎಲ್ಲರೂ ಸಮಾನರೆಂದ ಸಭೆಯೇ, ಮೂರು ದಿನಗಳ ದುಡಿಮೆಯ ಮೌಲ್ಯದಷ್ಟು ತೆರಿಗೆ ಕಟ್ಟಲಾರದವನಿಗೆ ಮತದಾನವನ್ನು ನಿರಾಕರಿಸಿತು. ಇತ್ತ ಹೊಸ ವ್ಯವಸ್ಥೆಗೆ ಬಾಯಲ್ಲಿ ಸಮ್ಮತಿಸಿ ಮನಸ್ಸಿನಲ್ಲಿ ಒಪ್ಪದ ದೊರೆ 1791ರ ಜೂನ್ 20ರ ರಾತ್ರಿ ಕುಟುಂಬದೊಡನೆ ವೇಷ ಮರೆಸಿಕೊಂಡು ಪಲಾಯನ ಮಾಡಿ, ವರೆನ್ ಎಂಬ ಪಟ್ಟಣದಲ್ಲಿ ಸಿಕ್ಕಿಬಿದ್ದನು. ತಂದೆಯೆಂದು ನಂಬಿದ್ದವನು ಮನೆ ಬಿಟ್ಟು ಓಡಿದಂತಾಯಿತು.

ಎಲ್ಲಕ್ಕೂ ಮಿಗಿಲಾಗಿ 1792ರ ಏಪ್ರಿಲ್ 20ರಂದು ಫ್ರಾನ್ಸ್ ಆಸ್ಟ್ರಿಯದ ಮೇಲೆ ಸಾರಿದ ಯುದ್ಧವು ಕ್ರಾಂತಿಯ ಗತಿಯನ್ನೇ ತಿರುಗಿಸಿತು. ಯುದ್ಧದಲ್ಲಿ ದೊರೆಯ ಒಳಸಂಚಿನ ಶಂಕೆ, ಶತ್ರು ಸೇನಾಪತಿಯ ಬೆದರಿಕೆ, ಅದರಿಂದ ಕೆರಳಿದ ಜನರ ಆಗಸ್ಟ್ 10ರ ದಾಳಿ, ಸೆಪ್ಟೆಂಬರಿನ ಸೆರೆಮನೆಗಳ ಹತ್ಯಾಕಾಂಡ ಒಂದರ ಬೆನ್ನಿಗೊಂದು ನಡೆದವು. ಸೆಪ್ಟೆಂಬರ್ 21ರಂದು ಅರಸೊತ್ತಿಗೆ ರದ್ದಾಯಿತು. 1793ರ ಜನವರಿ 21ರಂದು ಲೂಯಿಯ ಶಿರಚ್ಛೇದವಾಯಿತು. ಅನಂತರದ್ದು ಭೀತಿಯ ಆಳ್ವಿಕೆ. ಶಂಕಿತರೆಂದರೆ ಸಾಕು, ಸೆರೆ. ವಿಚಾರಣೆಯ ಹೆಸರಿನಲ್ಲಿ ಸುಮಾರು 17,000 ಮಂದಿ ಮರಣದಂಡನೆಗೆ ಗುರಿಯಾದರು. ಅವರಲ್ಲಿ ಬಹುಪಾಲು ಜನ ಸರದಾರರಲ್ಲ, ರೈತರು, ಕಸಬುದಾರರು, ಸಾಮಾನ್ಯ ಪ್ರಜೆಗಳು. ಪಶ್ಚಿಮದ ವಾಂದೆ ಪ್ರಾಂತದ ಅಂತರ್ಯುದ್ಧದಲ್ಲಿ ಸತ್ತವರು ಲಕ್ಷಕ್ಕೂ ಹೆಚ್ಚು. 1791ರಲ್ಲಿ ಮರಣದಂಡನೆಯೇ ಕೂಡದೆಂದು ವಾದಿಸಿದ್ದ ರಾಬೆಸ್‌ಪಿಯರ್ ಈ ಯಂತ್ರದ ಚಾಲಕರಲ್ಲಿ ಪ್ರಮುಖನಾಗಿ, 1794ರ ಜುಲೈ 28ರಂದು ತಾನೂ ಅದಕ್ಕೆ ಬಲಿಯಾದನು. ಯುದ್ಧದ ಅಪಾಯವನ್ನು ತೋರಿಸಿ ಇದನ್ನು ಸಮರ್ಥಿಸುವವರುಂಟು. ಅಪಾಯವು ನಿಜ, ಆದರೆ ಯುದ್ಧಭೂಮಿಯಲ್ಲಿ ಜಯ ಕೈಗೂಡಿದ ಮೇಲೂ ಪ್ಯಾರಿಸಿನಲ್ಲಿ ತಲೆಗಳು ಹೆಚ್ಚು ಹೆಚ್ಚಾಗಿ ಉರುಳಿದುದಕ್ಕೆ ಆ ಸಮರ್ಥನೆಯಲ್ಲಿ ಉತ್ತರವಿಲ್ಲ. ಸದುದ್ದೇಶವು ಕ್ರೌರ್ಯಕ್ಕೆ ಪರವಾನಗಿಯಲ್ಲ. ಹಾಗೆಯೇ ಈ ಕ್ರೌರ್ಯವನ್ನು ಮುಂದಿಟ್ಟು ಇಡೀ ಕ್ರಾಂತಿಯನ್ನು ತೆಗಳುವವರು, ಅದಕ್ಕೆ ಹಿಂದಿನ ಶತಮಾನಗಳ ಮೌನ ಕ್ರೌರ್ಯವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆಂಬುದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಸಮಾನತೆಯ ಬಾಗಿಲಿನ ಹೊರಗೆ ಉಳಿದವರನ್ನೂ ಮರೆಯಲಾಗದು. 1791ರಲ್ಲಿ ಮಹಿಳೆಯರ ಹಕ್ಕುಗಳ ಘೋಷಣೆಯನ್ನು ಬರೆದ ಒಲಾಂಪ್ ದ ಗೂಜ್ 1793ರ ನವೆಂಬರ್‌ನಲ್ಲಿ ಗಿಲೋಟಿನ್‌ಗೆ ಆಹುತಿಯಾದಳು. ಅದಕ್ಕೆ ನಾಲ್ಕು ದಿನ ಮುಂಚೆ ಮಹಿಳಾ ಸಂಘಗಳನ್ನು ಸರ್ಕಾರ ಮುಚ್ಚಿಸಿತ್ತು. ಗುಲಾಮಗಿರಿಯ ರದ್ದಿಗೆ ಸಭೆ ಮನಸ್ಸು ಮಾಡಿದ್ದು 1794ರ ಫೆಬ್ರವರಿ 4ರಂದು, ಅದೂ ಕೆರಿಬಿಯನ್ ದ್ವೀಪದ ಗುಲಾಮರು ತಾವೇ ಬಂಡೆದ್ದ ಮೇಲೆ. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ಜಾರಿಗೆ ತಂದಾಗ ಆ ಜನ ಹೋರಾಡಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನೇ ಸ್ಥಾಪಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಒಬ್ಬ ಅರಸನ ಜಾಗಕ್ಕೆ ಒಬ್ಬ ಚಕ್ರವರ್ತಿ ಬಂದು ಕುಳಿತನು.

ಹಾಗಾದರೆ ಕ್ರಾಂತಿಯು ವಿಫಲವಾಯಿತೇ? ಇಲ್ಲ. 1814ರಲ್ಲಿ ರಾಜವಂಶ ಮರಳಿ ಬಂದರೂ ದಶಾಂಶ ಮರಳಲಿಲ್ಲ, ಒಡೆಯರ ಕಾಣಿಕೆ ಮರಳಲಿಲ್ಲ, ಜನ್ಮದಿಂದ ಬಂದ ತೆರಿಗೆಯ ವಿನಾಯಿತಿ ಮರಳಲಿಲ್ಲ. 1795ರಲ್ಲಿ ಶಾಸನಬದ್ಧವಾದ ಮೀಟರು, ಗ್ರಾಮುಗಳು ಇಂದು ಕರ್ನಾಟಕದ ಹಳ್ಳಿಯ ಅಂಗಡಿಯಲ್ಲೂ ಬಳಕೆಯಲ್ಲಿವೆ. ಊರಿಗೊಂದು ಅಳತೆಯಿದ್ದ ಕಾಲದಲ್ಲಿ ಮೋಸಹೋಗುತ್ತಿದ್ದವನು ರೈತನೇ ಆದುದರಿಂದ ಇದೂ ಸಮಾನತೆಯ ಒಂದು ಫಲವೇ.

ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ವಿಶೇಷವಾಗಿ ಸ್ಮರಿಸಬೇಕಾದ ಹೆಸರು ಕಾಂಡಾರ್ಸೆಯದು. ಗಣಿತಜ್ಞನೂ ತತ್ತ್ವಜ್ಞನೂ ಆದ ಈತ 1792ರ ಏಪ್ರಿಲ್ 20ರಂದು ಸಾರ್ವಜನಿಕ ಶಿಕ್ಷಣದ ಯೋಜನೆಯೊಂದನ್ನು ಸಭೆಯ ಮುಂದೆ ಓದತೊಡಗಿದನು. ವಿದ್ಯೆ ಗಂಡುಹೆಣ್ಣೆಂಬ ಭೇದವಿಲ್ಲದೆ, ಶುಲ್ಕವಿಲ್ಲದೆ ಎಲ್ಲರಿಗೂ ದೊರೆಯಬೇಕು. ಅಧಿಕಾರದಲ್ಲಿರುವವರು ಪಾಠದ ಮೇಲೆ ಹಿಡಿತ ಸಾಧಿಸಬಾರದು ಎಂಬುದು ಅದರ ಸಾರ. ಆದರೆ ಅದು ಯುದ್ಧ ಸಾರಿದ ದಿನವೇ ಆಗಿತ್ತು. ಓದು ಅರ್ಧಕ್ಕೆ ನಿಂತು ಮರುದಿನಕ್ಕೆ ಮುಂದುವರಿಯಿತು, ಯೋಜನೆ ಮಾತ್ರ ಮುಂದುವರಿಯಲಿಲ್ಲ. ದೊರೆಯ ಮರಣದಂಡನೆಗೆ ಮತ ಕೊಡದ ಕಾಂಡಾರ್ಸೆ ಮುಂದೆ ತಾನೇ ಆಪಾದಿತನಾಗಿ, ತಲೆಮರೆಸಿಕೊಂಡು, ಮಾನವಕುಲದ ಪ್ರಗತಿಯನ್ನು ಕುರಿತ ಗ್ರಂಥವನ್ನು ಆ ಅಜ್ಞಾತವಾಸದಲ್ಲಿಯೇ ಬರೆದು, 1794ರ ಮಾರ್ಚ್ ತಿಂಗಳಲ್ಲಿ ಸೆರೆಯ ಕೋಣೆಯಲ್ಲಿ ಪ್ರಾಣಬಿಟ್ಟನು. ಫ್ರಾನ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾನೂನಾಗಿ ನೆಲೆಗೊಂಡುದು 1882ರಲ್ಲಿ, ಆತ ಓದತೊಡಗಿದ 90 ವರ್ಷಗಳ ಅನಂತರ. ಕತ್ತಿ ಒಂದು ದಿನದಲ್ಲಿ ಮಾಡಿದ್ದನ್ನು ನೆಲೆಗೊಳಿಸಲು ಸೀಮೆಸುಣ್ಣಕ್ಕೆ ಮೂರು ತಲೆಮಾರುಗಳು ಬೇಕಾದವು.

ಭಾರತದ ಸಂವಿಧಾನದ ಪೀಠಿಕೆಯಲ್ಲಿಯೂ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಪದಗಳು ನ್ಯಾಯದ ಬೆನ್ನಿಗೆ ಬರುತ್ತವೆ. ಈ ಮೂರನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದುದಲ್ಲ, ಬುದ್ಧನ ಬೋಧನೆಯಿಂದ ಪಡೆದುದೆಂದು ಡಾ. ಬಿ. ಆರ್. ಅಂಬೇಡ್ಕರ್ 1954ರ ಬಾನುಲಿ ಭಾಷಣದಲ್ಲಿ ಸ್ಪಷ್ಟಪಡಿಸಿದ್ದರು. ಬಂಧುತ್ವವಿಲ್ಲದ ಸ್ವಾತಂತ್ರ್ಯ ಸಮಾನತೆಗಳು ಹೇಗೆ ರಕ್ತದಲ್ಲಿ ಕೊಚ್ಚಿಹೋಗುತ್ತವೆ ಎಂಬುದನ್ನು 1793ರ ಪ್ಯಾರಿಸ್ ನೋಡಿದವರಿಗೆ ಈ ಮಾತಿನ ತೂಕ ಅರಿವಾಗುತ್ತದೆ. ಇದೇ ಸಂವಿಧಾನವು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ಯತ್ನಿಸಬೇಕೆಂದು 1950ರಲ್ಲಿ ವಿಧಿಸಿತು. ಅದು ಹಕ್ಕಾಗಿ ಜಾರಿಗೆ ಬಂದುದು 2010ರಲ್ಲಿ. ಸುಧಾರಣೆಯನ್ನು ಮುಂದೂಡುವ ಅಭ್ಯಾಸ ಒಂದು ದೇಶಕ್ಕೆ, ಒಂದು ಕಾಲಕ್ಕೆ ಸೀಮಿತವಾದುದಲ್ಲ.

ಆದಕಾರಣ ಫ್ರಾನ್ಸಿನ ಕ್ರಾಂತಿಯನ್ನು ಬೋಧಿಸುವ ಅಧ್ಯಾಪಕರು ಗಿಲೋಟಿನ್ನಿನ ಚಿತ್ರಕ್ಕೆ ಮುಂಚೆ 1788ರ ಆಯವ್ಯಯ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯಲಿ. ರಾಣಿಯ ಸುಳ್ಳು ಮಾತಿಗೆ ಬದಲಾಗಿ ಟರ್ಗೋವಿನ ನಿಜವಾದ ಸೋಲನ್ನು ಹೇಳಲಿ. ಕಡೆಯಲ್ಲಿ ಕಾಂಡಾರ್ಸೆಯ ಅರ್ಧಕ್ಕೆ ನಿಂತ ಓದನ್ನು ನೆನಪಿಸಲಿ. ಹೊರೆಯನ್ನು ಹಂಚಿಕೊಳ್ಳಲು ಉಳ್ಳವರು ಸಕಾಲದಲ್ಲಿ ಮುಂದೆ ಬಂದಿದ್ದರೆ ಆ ದೇಶದ ನೆಲ ಅಷ್ಟು ರಕ್ತವನ್ನು ಕುಡಿಯಬೇಕಾಗಿರಲಿಲ್ಲ. ತನ್ನ ಗಳಿಕೆಯಲ್ಲಿ ಒಂದು ಪಾಲನ್ನು ಒಂದು ಶಾಲೆಯ ಗೋಡೆಗೆ, ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕಕ್ಕೆ ಎತ್ತಿಡುವ ದಾನಿಯು, ತಿಳಿದೋ ತಿಳಿಯದೆಯೋ, ವರ್ಸೇಲ್ಸಿನ ಸರದಾರರು ಮಾಡಲೊಲ್ಲದೆ ಹೋದ ಕೆಲಸವನ್ನೇ ಮಾಡುತ್ತಿದ್ದಾನೆ.